ಯಾವ ಕಲ್ಲು ಮೊದಲು, ಯಾವುದು ಆಮೇಲೆ? ಯಂತ್ರವಿಲ್ಲದೆ ನೆಲದ ವಯಸ್ಸು ಓದುವುದು ಹೇಗೆ

ಹಳೆಯ ಕೋಟೆ, ವಿಚಿತ್ರ ಆಕಾರದ ಬಂಡೆ, ಹೊಲದಲ್ಲಿ ಸಿಕ್ಕ ಮೂರ್ತಿ. ಇಂಥ ಫೋಟೋ ಇರುವ ಫಾರ್ವರ್ಡ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: "ಇದು ಇಷ್ಟು ಲಕ್ಷ ವರ್ಷ ಹಳೆಯದು, ಕಾರ್ಬನ್ ಡೇಟಿಂಗ್‌ನಿಂದ ಸಾಬೀತಾಗಿದೆ." ಅಂಕಿ ದೊಡ್ಡದಾದಷ್ಟೂ ಶೇರ್ ಮಾಡುವವರು ಹೆಚ್ಚು. ಆ ಅಂಕಿ ಎಲ್ಲಿಂದ ಬಂತು, ಯಾವುದನ್ನು ಅಳೆದರು ಎಂದು ಕೇಳುವವರು ಕಡಿಮೆ.

ಅಂಕಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಯಾವುದು ಮೊದಲು ಆಯಿತು, ಯಾವುದು ಆಮೇಲೆ? ಇದಕ್ಕೆ ಉತ್ತರ ಹುಡುಕಲು ಲ್ಯಾಬ್ ಬೇಕಿಲ್ಲ. ಗುಡ್ಡದ ಬದಿ, ಬಾವಿಯ ಗೋಡೆ, ಹಳ್ಳದ ದಂಡೆ ನೋಡಿದರೂ ಎಷ್ಟೋ ಸಲ ಉತ್ತರ ಸಿಗುತ್ತದೆ. ಹೀಗೆ ವರ್ಷ ಎಣಿಸದೆ ಬರೀ ಹಿಂದು ಮುಂದಿನ ಕ್ರಮ ಗುರುತಿಸುವುದನ್ನು ಭೂವಿಜ್ಞಾನದಲ್ಲಿ ಸಾಪೇಕ್ಷ ಕಾಲನಿರ್ಣಯ ಎನ್ನುತ್ತಾರೆ. ಹೆಸರು ಭಾರ, ವಿಷಯ ಸರಳ. ಮನೆಯಲ್ಲಿ ಯಾರು ಹಿರಿಯರು, ಯಾರು ಕಿರಿಯರು ಎಂದು ತಿಳಿಯಲು ಎಲ್ಲರ ಜನ್ಮದಿನಾಂಕ ಬೇಕಾಗುವುದಿಲ್ಲವಲ್ಲ, ಹಾಗೆ.

ಈ ನಿಯಮಗಳನ್ನು ಕಲಿಯಲು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸುತ್ತಮುತ್ತ ಒಳ್ಳೆಯ ಜಾಗ. ರೋಣ, ನರಗುಂದದ ಕಡೆ ಕಣ್ಣು ಹಾಯುವಷ್ಟು ದೂರ ಎರೆ ಬಯಲು. ಮಲಪ್ರಭಾ ಹೊಳೆ, ಬೆಣ್ಣೆಹಳ್ಳ ಇದೇ ಬಯಲಿನಲ್ಲಿ ಹರಿಯುತ್ತವೆ. ಗಜೇಂದ್ರಗಡದ ಹತ್ತಿರ ಬಂದರೆ ನೆಲ ಬದಲಾಗುತ್ತದೆ. ಅಲ್ಲಿ ನೆತ್ತಿ ಸಮತಟ್ಟಾದ ಮರಳುಗಲ್ಲಿನ ಗುಡ್ಡಗಳು, ಅವುಗಳ ಮೇಲೆ ಕೋಟೆ, ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರ ಗುಡಿ. ಈ ಮರಳುಗಲ್ಲು ಬಾದಾಮಿ ಕಡೆಯಿಂದ ಬಂದ ಸಾಲಿಗೆ ಸೇರಿದ್ದು.

ಒಂದೊಂದೇ ನಿಯಮ ನೋಡೋಣ.

ನಿಯಮ 1: ಕೆಳಗಿನದು ಮೊದಲು, ಮೇಲಿನದು ಆಮೇಲೆ

ರೊಟ್ಟಿ ಬುಟ್ಟಿಯನ್ನು ನೆನಪಿಸಿಕೊಳ್ಳಿ. ಬಡಿದು ಬೇಯಿಸಿದ ಮೊದಲ ರೊಟ್ಟಿ ತಳದಲ್ಲಿರುತ್ತದೆ, ಕೊನೆಯದು ಮೇಲಿರುತ್ತದೆ. ಯಾವ ರೊಟ್ಟಿ ಎಷ್ಟು ಗಂಟೆಗೆ ಬೆಂದಿತು ಎಂದು ಗೊತ್ತಿಲ್ಲದಿದ್ದರೂ ಬೆಂದ ಕ್ರಮ ಗೊತ್ತಾಗುತ್ತದೆ. ನೀರು, ಗಾಳಿ ತಂದು ಹಾಕಿದ ಮಣ್ಣು ಮರಳಿನ ಪದರಗಳಿಗೂ ಇದೇ ಲೆಕ್ಕ. ನಿಕೋಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ವಿಜ್ಞಾನಿ 1669ರಲ್ಲಿ ಇದನ್ನು ನಿಯಮವಾಗಿ ಬರೆದರು.

ಈ ನಿಯಮ ಕೆಲಸ ಮಾಡುವುದನ್ನು ನಮ್ಮ ಕಾಲದಲ್ಲೇ ನೋಡಿದ್ದೇವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆ ಆಲೂರಿನ ಕಡೆ ನೀರು ನುಗ್ಗಿತು. ನೆರೆ ಇಳಿದ ಮೇಲೆ ಹೊಲದಲ್ಲಿ ಉಳಿಯುವ ರಾಡಿ ಹಿಂದಿನ ವರ್ಷದ ಮಣ್ಣಿನ ಮೇಲೆ ಕೂರುತ್ತದೆ, ಕೆಳಗೆ ಹೋಗಿ ಸೇರುವುದಿಲ್ಲ. ಮುಂದಿನ ನೆರೆ ಬಂದರೆ ಅದರ ಮೇಲೆ ಇನ್ನೊಂದು ಪದರ. ಹೊಳೆ ದಂಡೆ ಕುಸಿದಲ್ಲಿ ನಿಂತು ನೋಡಿದರೆ ಹಳೆಯ ನೆರೆಗಳ ಪದರ ಒಂದರ ಮೇಲೊಂದು ಕಾಣಿಸುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಗುಡ್ಡ ಎತ್ತರದಲ್ಲಿದೆ, ಆದ್ದರಿಂದ ಅದರ ಕಲ್ಲೇ ಎಲ್ಲಕ್ಕಿಂತ ಹಳೆಯದು ಎಂದು ಹಲವರು ಅಂದುಕೊಳ್ಳುತ್ತಾರೆ. ನಿಜ ಅದಕ್ಕೆ ಉಲ್ಟಾ. ಗಜೇಂದ್ರಗಡದ ಗುಡ್ಡದ ಮರಳುಗಲ್ಲು ಗ್ರಾನೈಟ್‌ನಂಥ ಗಟ್ಟಿ ತಳಗಲ್ಲಿನ ಮೇಲೆ ಕೂತಿದೆ. ಈ ಸೀಮೆಯ ತಳಗಲ್ಲಿಗೆ ಉದಾಹರಣೆ ಬೇಕೆಂದರೆ ಇಳಕಲ್‌ನ ಹೆಸರುವಾಸಿ ಕೆಂಪು ಗ್ರಾನೈಟ್ ಇದೆ. ತಗ್ಗಿನಲ್ಲಿ ಬಿದ್ದಿರುವ ಗ್ರಾನೈಟ್ ಹಿರಿಯದು, ಎತ್ತರದಲ್ಲಿ ನಿಂತಿರುವ ಮರಳುಗಲ್ಲು ಕಿರಿಯದು.

ನಿಯಮ 2: ಹಾಸುವಾಗ ಸಮತಟ್ಟು, ಬಾಗಿದ್ದು ಆಮೇಲೆ

ನೀರಿನ ತಳದಲ್ಲಿ ಮರಳು, ಕೆಸರು ಹೆಚ್ಚುಕಡಿಮೆ ಸಮತಟ್ಟಾಗಿ ಕೂರುತ್ತವೆ. ಆದ್ದರಿಂದ ಎಲ್ಲಾದರೂ ಕಲ್ಲಿನ ಪದರ ವಾಲಿದ್ದರೆ, ಮಡಿಚಿದ್ದರೆ, ಆ ಘಟನೆ ಪದರ ಕೂತ ಮೇಲೆ ನಡೆದದ್ದು. ಕೌದಿಯನ್ನು ಮೊದಲು ಹಾಸಿ ಹೊಲಿಯುತ್ತಾರೆ, ಮಡಿಚುವುದು ಆಮೇಲೆ. ಹಾಗೆಯೇ ಇದೂ.

ಇದಕ್ಕೆ ಒಳ್ಳೆಯ ಉದಾಹರಣೆ ಗಜೇಂದ್ರಗಡದಿಂದ ಉತ್ತರಕ್ಕೆ ಹೋದರೆ ಸಿಗುವ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆ ಸೀಮೆಯ ಪದರಗಲ್ಲುಗಳಿಗೆ ಕಲಾದಗಿ ಊರಿನ ಹೆಸರೇ ಬಂದಿದೆ. ಬ್ರಿಟಿಷ್ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳ ವಿವರವನ್ನು 1876ರ ವರದಿಯಲ್ಲಿ ಬರೆದಿದ್ದಾರೆ. ಇವತ್ತಿನ ಭೂವಿಜ್ಞಾನಿಗಳು ಕಲಾದಗಿ ಕಲ್ಲುಗಳನ್ನು ಎರಡು ಗುಂಪು ಮಾಡುತ್ತಾರೆ. ಕೆಳಗಿನದು ಬಾಗಲಕೋಟೆ ಗುಂಪು. ಇದರ ಪದರಗಳು ಒತ್ತಡಕ್ಕೆ ಸಿಕ್ಕಿ ವಾಲಿವೆ, ಮಡಿಕೆ ಬಿದ್ದಿವೆ. ಅದರ ಮೇಲಿನದು ಬಾದಾಮಿ ಗುಂಪು. ಇದರ ಪದರಗಳು ಬಹುತೇಕ ಹಾಸಿದ ಹಾಗೇ ಇವೆ.

ಈ ಎರಡು ಸಂಗತಿ ಸೇರಿಸಿದರೆ ಒಂದು ದೊಡ್ಡ ಕಥೆ ಹೊರಬರುತ್ತದೆ. ಮೊದಲು ಬಾಗಲಕೋಟೆ ಗುಂಪಿನ ಪದರ ಕೂತವು. ಆಮೇಲೆ ನೆಲ ಒತ್ತಿ ಅವು ಮಡಿಚಿದವು. ಆಮೇಲೆ ಮಡಿಕೆಯ ತಲೆಗಳು ಸವೆದು ಹೋದವು. ಕೊನೆಗೆ ಆ ಸವೆದ ನೆಲದ ಮೇಲೆ ಬಾದಾಮಿಯ ಮರಳು ಬಂದು ಕೂತಿತು. ಎರಡರ ನಡುವಿನ ಗೆರೆ ನೋಡಲು ಬರೀ ಒಂದು ಗೆರೆ, ಆದರೆ ಅದರೊಳಗೆ ಕೋಟಿಗಟ್ಟಲೆ ವರ್ಷ ಕಾಣೆಯಾಗಿವೆ. ಪುಸ್ತಕದ ನಡುವಿನ ಹಾಳೆಗಳು ಕಿತ್ತುಹೋದ ಹಾಗೆ. ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ 1788ರಲ್ಲಿ ಇಂಥದೇ ಗೆರೆ ನೋಡಿದ ಜೇಮ್ಸ್ ಹಟನ್, ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ ಆಗಿರಲು ಸಾಧ್ಯವಿಲ್ಲ ಎಂಬ ತಮ್ಮ ವಾದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಂಡರು. ಅಂಥ ಸಾಕ್ಷಿ ನೋಡಲು ನಾವು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ.

ನಿಯಮ 3: ಪದರ ಪಕ್ಕಕ್ಕೂ ಹರಡಿರುತ್ತದೆ

ಬಾದಾಮಿಯ ಅಗಸ್ತ್ಯ ತೀರ್ಥದ ಈ ಕಡೆ ಒಂದು ಗುಡ್ಡ, ಆ ಕಡೆ ಒಂದು ಗುಡ್ಡ. ನಡುವೆ ಕೆರೆ. ಎರಡೂ ಕಡೆ ಅದೇ ಬಣ್ಣದ, ಅದೇ ಕಣದ ಮರಳುಗಲ್ಲು. ಇವು ಬೇರೆ ಬೇರೆಯಾಗಿ ಹುಟ್ಟಿದ ಗುಡ್ಡಗಳಲ್ಲ. ಒಂದು ಕಾಲಕ್ಕೆ ಒಂದೇ ಹಾಸಾಗಿದ್ದ ಪದರವನ್ನು ನೀರು ಕೊರೆದು ಎರಡು ಮಾಡಿದೆ. ಪದರ ಹಳೆಯದು, ಕಣಿವೆ ಹೊಸದು.

ಈ ನಿಯಮವನ್ನು ಎಲ್ಲಿ ಬಳಸಬಾರದು ಎಂಬುದೂ ಮುಖ್ಯ, ಏಕೆಂದರೆ ಇಲ್ಲಿ ದುಡ್ಡಿನ ಪ್ರಶ್ನೆ ಇದೆ. "ಪಕ್ಕದ ಹೊಲದಲ್ಲಿ 300 ಅಡಿಗೆ ನೀರು ಬಿದ್ದಿದೆ, ನಮ್ಮಲ್ಲೂ ಬೀಳುತ್ತದೆ" ಎಂದು ಬೋರ್‌ವೆಲ್ ಕೊರೆಸುವವರಿದ್ದಾರೆ. ಎರೆ ಮಣ್ಣು, ಅದರ ಕೆಳಗಿನ ಗರಸು ಪಕ್ಕದ ಹೊಲದಲ್ಲೂ ಮುಂದುವರಿಯುವ ಸಂಭವ ಹೆಚ್ಚು. ಗ್ರಾನೈಟ್‌ನಂಥ ಗಟ್ಟಿ ಕಲ್ಲಿಗೆ ಇಳಿದ ಮೇಲೆ ಮಾತು ಬೇರೆ. ಅಲ್ಲಿ ನೀರು ಪದರದಲ್ಲಿ ಇರುವುದಿಲ್ಲ, ಬಿರುಕಿನಲ್ಲಿ ಇರುತ್ತದೆ. ಬಿರುಕು ಪಕ್ಕದ ಹೊಲದವರೆಗೆ ಬರಲೂಬಹುದು, ನಾಲ್ಕು ಮಾರು ದೂರದಲ್ಲೇ ಮುಗಿದೂ ಹೋಗಬಹುದು. ಸಾಲ ಮಾಡಿ ಕೊರೆಸುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು.

ನಿಯಮ 4: ಕತ್ತರಿಸಿದ್ದು ಕಿರಿಯದು

ನಮ್ಮ ಹಿರಿಯರು ಜೋಳ ಕೂಡಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ನೆಲ ಇಲ್ಲದೆ ಹಗೇವು ತೋಡಲು ಬರುವುದಿಲ್ಲ. ಅಂದರೆ ನೆಲ ಮೊದಲು, ಹಗೇವು ಆಮೇಲೆ, ಒಳಗಿನ ಜೋಳ ಅದಕ್ಕೂ ಆಮೇಲೆ. ಹತ್ತು ಅಡಿ ಆಳದಲ್ಲಿ ಜೋಳದ ಕಾಳು ಸಿಕ್ಕಿತು ಎಂದ ಮಾತ್ರಕ್ಕೆ ಅದು ಸುತ್ತಲಿನ ಹತ್ತು ಅಡಿ ಆಳದ ಮಣ್ಣಿನಷ್ಟು ಹಳೆಯದಾಗುವುದಿಲ್ಲ. ನಿಯಮ 1 ಮಾತ್ರ ಗೊತ್ತಿದ್ದವರು ಇಲ್ಲಿ ಎಡವುತ್ತಾರೆ. ನಿಯಮ 4 ಅವರನ್ನು ಎತ್ತಿ ಹಿಡಿಯುತ್ತದೆ.

ಕಲ್ಲಿನಲ್ಲೂ ಹೀಗೇ. ಭೂಮಿಯ ಆಳದಿಂದ ಕರಗಿದ ಕಲ್ಲು ಮೇಲೇರಿ, ಹಳೆಯ ಪದರಗಳನ್ನು ಸೀಳಿಕೊಂಡು ಹೋಗಿ, ಗೋಡೆಯ ಹಾಗೆ ಗಟ್ಟಿಯಾಗುತ್ತದೆ. ಬಾಗಲಕೋಟೆ ಗುಂಪಿನ ಪದರಗಳೊಳಗೆ ಮಲ್ಲಾಪುರ ಎಂಬಲ್ಲಿ ಹೀಗೆ ನುಗ್ಗಿದ ಕಲ್ಲಿದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ವಯಸ್ಸು ಸುಮಾರು 115 ಕೋಟಿ ವರ್ಷ ಎಂದು ಬಂತು. ಅಳೆದದ್ದು ನುಗ್ಗಿದ ಕಲ್ಲನ್ನು ಮಾತ್ರ. ಆದರೂ ಅದು ಸೀಳಿದ ಪದರಗಳು 115 ಕೋಟಿ ವರ್ಷಕ್ಕಿಂತ ಹಳೆಯವು ಎಂದು ಧೈರ್ಯವಾಗಿ ಹೇಳಬಹುದು. ಅಂಕಿ ಕೊಟ್ಟದ್ದು ಲ್ಯಾಬ್, ಆ ಅಂಕಿಗೆ ಅರ್ಥ ಕೊಟ್ಟದ್ದು ಕಣ್ಣಿಗೆ ಕಾಣುವ ಕ್ರಮ.

ಇದೇ ನಿಯಮದಿಂದ ಇನ್ನೊಂದು ಸಾಮಾನ್ಯ ಗೊಂದಲವೂ ತೀರುತ್ತದೆ. ಬಾದಾಮಿಯ ಮರಳುಗಲ್ಲಿನ ವಯಸ್ಸನ್ನು ಸಾಮಾನ್ಯವಾಗಿ ಸುಮಾರು 90 ಕೋಟಿ ವರ್ಷ ಎನ್ನುತ್ತಾರೆ. ಅದರೊಳಗೆ ಕೊರೆದ ಮೂರನೇ ಗುಹಾಲಯದಲ್ಲಿ ಚಾಲುಕ್ಯ ಮಂಗಳೇಶನ ಶಾಸನವಿದೆ, ಅದರ ಕಾಲ ಕ್ರಿ.ಶ. 578. ಕಲ್ಲಿನ ವಯಸ್ಸು ಬೇರೆ, ಕೆತ್ತನೆಯ ವಯಸ್ಸು ಬೇರೆ. ಗುಹೆ ಕಲ್ಲನ್ನು ಕತ್ತರಿಸಿದೆ, ಆದ್ದರಿಂದ ಗುಹೆ ಕಿರಿಯದು. "ಕೋಟಿ ವರ್ಷ ಹಳೆಯ ಗುಡಿ" ಎಂಬ ಫಾರ್ವರ್ಡ್ ಬಂದರೆ, ಅದು ಕಲ್ಲಿನ ವಯಸ್ಸನ್ನು ಕೆತ್ತಿದವರ ಲೆಕ್ಕಕ್ಕೆ ಬರೆದಿದೆಯೇ ಎಂದು ಮೊದಲು ನೋಡಿ.

ನಿಯಮ 5: ಒಳಗೆ ಸೇರಿದ ಚೂರು ಹಿರಿಯದು

ಹಳೆಯ ಕೋಟೆಗಳ ಗೋಡೆಯಲ್ಲಿ ಕೆಲವೊಮ್ಮೆ ಕೆತ್ತನೆಯ ಕಂಬದ ತುಂಡು, ಶಾಸನದ ಚೂರು ಸೇರಿಕೊಂಡಿರುತ್ತವೆ. ಆ ತುಂಡು ಗೋಡೆಗಿಂತ ಹಳೆಯದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಲಾದಗಿ ಸೀಮೆಯ ಮರಳುಗಲ್ಲಿನ ತಳದಲ್ಲಿ ಕೆಲವೆಡೆ ಉರುಟು ಕಲ್ಲುಗಳು ಸೇರಿ ಗಟ್ಟಿಯಾದ ಪದರ ಸಿಗುತ್ತದೆ. ಆ ಉರುಟು ಕಲ್ಲುಗಳು ಹಳೆಯ ಬೆಟ್ಟಗಳಿಂದ ಒಡೆದು, ನೀರಿನಲ್ಲಿ ಉರುಳಿ ನುಣುಪಾಗಿ ಬಂದವು. ಈ ಮರಳುಗಲ್ಲು ಹುಟ್ಟುವ ಮೊದಲೇ ಇಲ್ಲಿ ಸವೆಯಲು ಬೇರೆ ಬೆಟ್ಟಗಳಿದ್ದವು ಎಂಬುದಕ್ಕೆ ಅವೇ ಸಾಕ್ಷಿ.

ನಿಯಮ 6: ಜೀವಿಗಳಿಗೂ ಒಂದು ಸರದಿ ಇದೆ

ಇಂಗ್ಲೆಂಡಿನಲ್ಲಿ ಕಾಲುವೆ ಕೆಲಸಕ್ಕೆ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್, ಬೇರೆ ಬೇರೆ ಊರುಗಳಲ್ಲೂ ಪಳೆಯುಳಿಕೆಗಳು ಒಂದೇ ಸರದಿಯಲ್ಲಿ ಸಿಗುವುದನ್ನು ಗಮನಿಸಿದರು. ಅದರ ನೆರವಿನಿಂದ 1815ರಲ್ಲಿ ದೊಡ್ಡ ಭೂವಿಜ್ಞಾನ ನಕ್ಷೆ ತಂದರು. ಯಾವ ಜೀವಿಯ ಗುರುತು ಸಿಕ್ಕಿತು ಎಂಬುದರಿಂದ ಪದರದ ಕಾಲ ತಿಳಿಯುವುದು ಈ ನಿಯಮ.

ಗಜೇಂದ್ರಗಡ, ಬಾದಾಮಿಯ ಮರಳುಗಲ್ಲಿಗೆ ಇದನ್ನು ಹಚ್ಚಿ ನೋಡಿ. ಡೈನೋಸಾರ್‌ಗಳು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅದಕ್ಕಿಂತ ಎಷ್ಟೋ ಮೊದಲೇ ಕೂತ ಮರಳಿನಲ್ಲಿ ಅವುಗಳ ಮೂಳೆ ಸಿಗಲು ಸಾಧ್ಯವಿಲ್ಲ. ಆ ಕಾಲದ ಜೀವಿಗಳ ಗುರುತು ಎಂದರೆ ಸೂಕ್ಷ್ಮಜೀವಿಗಳು ಕಟ್ಟಿದ ಪದರ ಪದರದ ರಚನೆಗಳು. ಅಂಥವು ಬಾಗಲಕೋಟೆ ಗುಂಪಿನ ಸುಣ್ಣದ ಅಂಶವಿರುವ ಕಲ್ಲುಗಳಲ್ಲಿ ಸಿಕ್ಕಿವೆ. ಈ ಗುಡ್ಡಗಳ ಬಂಡೆ ತೋರಿಸಿ "ಡೈನೋಸಾರ್ ಮೂಳೆ" ಎಂದು ಬರುವ ವಿಡಿಯೋ ಅಲ್ಲಿಗೇ ನಿಲ್ಲಲಿ.

ನಿಯಮ ಎಲ್ಲಿ ದಾರಿ ತಪ್ಪಿಸುತ್ತದೆ?

ಎರೆ ಹೊಲ: ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೂರು ನಾಲ್ಕು ಅಡಿ ಆಳದ ಬಿರುಕು ಬೀಳುವುದು ಅಪರೂಪವಲ್ಲ. ಮೇಲಿನ ಮಣ್ಣು, ಬಳೆಚೂರು, ನಾಣ್ಯ ಎಲ್ಲವೂ ಆ ಬಿರುಕಿನೊಳಗೆ ಬೀಳುತ್ತವೆ. ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಗುರುತೂ ಉಳಿಯುವುದಿಲ್ಲ. ಹೀಗೆ ವರ್ಷ ವರ್ಷವೂ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ರೋಣ, ನರಗುಂದದ ಎರೆಯಲ್ಲಿ "ಇಷ್ಟು ಆಳದಲ್ಲಿ ಸಿಕ್ಕಿತು, ಆದ್ದರಿಂದ ಇಷ್ಟು ಹಳೆಯದು" ಎಂಬ ಮಾತನ್ನು ಹಾಗೇ ನಂಬುವಂತಿಲ್ಲ.

ಬೋರ್‌ವೆಲ್ ಗುಪ್ಪೆ: ಕೊರೆಯುವಾಗ ಹೊರಬಂದ ಪುಡಿಯ ಗುಪ್ಪೆಯಲ್ಲಿ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಬಂದ ಮೇಲ್ಮಣ್ಣು ಅಡಿಗೆ, ಕೊನೆಗೆ ಬಂದ ಆಳದ ಕಲ್ಲು ಮೇಲಕ್ಕೆ. ಒಂದೊಂದು ರಾಡ್ ಇಳಿದಾಗಲೂ ಒಂದೊಂದು ಹಿಡಿ ಪುಡಿ ತೆಗೆದು ಸಾಲಾಗಿ ಇಟ್ಟು, ಎಷ್ಟನೇ ರಾಡ್ ಎಂದು ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ನೀರು ಬಿದ್ದರೂ ಬೀಳದಿದ್ದರೂ ಆ ಫೋಟೋ ನಿಮ್ಮ ನೆಲದ ದಾಖಲೆ. ಮುಂದೆ ಅಂತರ್ಜಲ ತಜ್ಞರಿಗೆ ತೋರಿಸಲು ಬರುತ್ತದೆ.

ಬುಡಮೇಲಾದ ಪದರ: ಭಾರಿ ಮಡಿಕೆ ಬಿದ್ದ ಕಡೆ ಕೆಲವೊಮ್ಮೆ ಪದರಗಳು ಪೂರ್ತಿ ಮಗುಚಿರುತ್ತವೆ. ಆಗ ಭೂವಿಜ್ಞಾನಿಗಳು ಕಲ್ಲಿನೊಳಗಿನ ಅಲೆಯ ಗುರುತು, ಓರೆ ಪದರಗಳನ್ನು ನೋಡುತ್ತಾರೆ. ಇವುಗಳ ಆಕಾರ ಮೇಲಿನ ಮುಖ ಯಾವುದು ಎಂದು ತೋರಿಸಿಕೊಡುತ್ತದೆ. ಬಾದಾಮಿಯ ಬಂಡೆಗಳಲ್ಲಿ ಓರೆ ಪದರ ಬರಿಗಣ್ಣಿಗೇ ಕಾಣುತ್ತದೆ. ಅಂದಹಾಗೆ, ಕಲ್ಲಿನ ಮೇಲಿನ ಅಲೆಯ ಗುರುತು ಅಲ್ಲಿ ನೀರು ಆಡಿತ್ತು ಎಂದಷ್ಟೇ ಹೇಳುತ್ತದೆ. ಎಷ್ಟು ವರ್ಷದ ಹಿಂದೆ ಎಂದು ಅದೊಂದೇ ಹೇಳಲಾರದು. ಅಂಥ ಫೋಟೋಗೆ "ಐದು ಸಾವಿರ ವರ್ಷದ ಹಿಂದಿನ ಪ್ರಳಯ" ಎಂದು ಅಡಿಬರಹ ಹಾಕಿದವರು ಆ ಅಂಕಿಯನ್ನು ಕಲ್ಲಿನಿಂದ ಓದಿದ್ದಲ್ಲ.

ಹಾಗಾದರೆ ವರ್ಷದ ಲೆಕ್ಕ ಎಲ್ಲಿಂದ?

ಕಾರ್ಬನ್ ಡೇಟಿಂಗ್ ಕಲ್ಲಿಗೆ ನಡೆಯುವುದಿಲ್ಲ. ಅದು ಒಮ್ಮೆ ಜೀವ ಇದ್ದ ವಸ್ತುಗಳಿಗೆ, ಅಂದರೆ ಕಟ್ಟಿಗೆ, ಇದ್ದಿಲು, ಕಾಳು, ಮೂಳೆಗೆ. ಸತ್ತ ಮೇಲೆ ಅವುಗಳಲ್ಲಿರುವ ಕಾರ್ಬನ್-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧದಷ್ಟು ಕಡಿಮೆಯಾಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ ಎಂದೇ ಹೇಳಬಹುದು. ಆದ್ದರಿಂದ "ಕಾರ್ಬನ್ ಡೇಟಿಂಗ್ ಪ್ರಕಾರ ಐದು ಲಕ್ಷ ವರ್ಷ" ಎಂಬ ಸಾಲು ಕಂಡರೆ ಅಲ್ಲಿಗೇ ಅನುಮಾನ ಪಡಿ. ಕಲ್ಲಿನ ವಯಸ್ಸಿಗೆ ಯುರೇನಿಯಂ, ಪೊಟ್ಯಾಸಿಯಂನಂಥ ಧಾತುಗಳು ನಿಧಾನವಾಗಿ ಬೇರೆ ಧಾತುವಾಗುವುದನ್ನು ಅಳೆಯುತ್ತಾರೆ.

ಕ್ರಮ ಮತ್ತು ಅಂಕಿ ಎರಡನ್ನೂ ಸೇರಿಸಿದರೆ ಈ ಸೀಮೆಯ ಕಥೆ ಹೀಗೆ ನಿಲ್ಲುತ್ತದೆ:

- ಮೊದಲು ಗ್ರಾನೈಟ್‌ನಂಥ ತಳಗಲ್ಲು. ಇಳಕಲ್ ಕಡೆಯ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು.
- ಅದರ ಮೇಲೆ ಬಾಗಲಕೋಟೆ ಗುಂಪು, 115 ಕೋಟಿ ವರ್ಷಕ್ಕಿಂತ ಹಿಂದಿನದು.
- ಅದು ಮಡಿಚಿ ಸವೆದ ಮೇಲೆ ಬಾದಾಮಿ ಮರಳುಗಲ್ಲು. ಕೆಲವೆಡೆ ಇದು ನೇರವಾಗಿ ತಳಗಲ್ಲಿನ ಮೇಲೆಯೇ ಕೂತಿದೆ.
- ಇನ್ನೂ ಉತ್ತರಕ್ಕೆ, ವಿಜಯಪುರದ ಕಡೆ, ಎಲ್ಲದರ ಮೇಲೆ ಹರಿದ ದಖ್ಖನ್ ಲಾವಾ, ಸುಮಾರು 6.6 ಕೋಟಿ ವರ್ಷ.
- ಎಲ್ಲಕ್ಕಿಂತ ಮೇಲೆ ಎರೆ ಮಣ್ಣು, ಹೊಳೆಯ ಮೆಕ್ಕಲು, ನಮ್ಮ ಹೊಲ.

ಫಾರ್ವರ್ಡ್ ಮಾಡುವ ಮೊದಲು ನಾಲ್ಕು ಪ್ರಶ್ನೆ

1. ವಯಸ್ಸು ಯಾವುದರದ್ದು? ಕಲ್ಲಿನದೋ, ಕೆತ್ತನೆಯದೋ, ಕಟ್ಟಡದ್ದೋ?
2. ಹೇಗೆ ಅಳೆದರು? ಕಲ್ಲಿಗೆ ಕಾರ್ಬನ್ ಡೇಟಿಂಗ್ ಎಂದಿದ್ದರೆ ಅಲ್ಲಿಗೇ ಬಿಡಿ.
3. ಅದು ಎಲ್ಲಿ ಸಿಕ್ಕಿತು? ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು?
4. ನಡುವೆ ಯಾರಾದರೂ ಅಗೆದಿದ್ದರೇ? ಬಿರುಕು, ಹಗೇವು, ಬಾವಿ ಇತ್ತೇ?

ಇವುಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಫಾರ್ವರ್ಡ್ ಫೋಟೋದಲ್ಲಿ ವಸ್ತು ಇರುತ್ತದೆ, ಅದು ಇದ್ದ ಜಾಗ ಇರುವುದಿಲ್ಲ. ವಯಸ್ಸು ಹೇಳುವ ಸಾಕ್ಷಿಯ ದೊಡ್ಡ ಪಾಲು ಇರುವುದು ಆ ಜಾಗದಲ್ಲೇ. ಅದನ್ನು ಒಮ್ಮೆ ಕದಲಿಸಿದರೆ ಮತ್ತೆ ಜೋಡಿಸಲು ಬರುವುದಿಲ್ಲ.

ಆದ್ದರಿಂದ ಪಾಯ ತೆಗೆಯುವಾಗ, ಕೃಷಿ ಹೊಂಡ ತೋಡುವಾಗ ಹಳೆಯ ಮಡಕೆ, ಮೂರ್ತಿ, ಮೂಳೆ ಏನಾದರೂ ಕಂಡರೆ ಜೆಸಿಬಿ ನಿಲ್ಲಿಸಿ. ಕಿತ್ತು, ತೊಳೆದು, ಕೈಯಲ್ಲಿ ಹಿಡಿದು ಫೋಟೋ ತೆಗೆಯಬೇಡಿ. ಇದ್ದಲ್ಲೇ ಇರಲಿ. ಸುತ್ತಲಿನ ಮಣ್ಣಿನ ಪದರಗಳೂ ಕಾಣುವಂತೆ ಸ್ವಲ್ಪ ದೂರದಿಂದ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆ ಪಟ್ಟಿಯನ್ನೋ ಪೆನ್ನನ್ನೋ ಇಡಿ, ಗಾತ್ರ ತಿಳಿಯುತ್ತದೆ. ಆಮೇಲೆ ತಹಶೀಲ್ದಾರ್ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಗ್ರೂಪಿಗೆ ಕಳಿಸುವುದು ಅದಾದ ಮೇಲೆ.